ಅಪ್ಪಯ್ಯನ ಸ್ಪೀಕರಿಗೆ ಎರಡು ಹನಿ ಕಪ್ಪು ಎಣ್ಣೆ: ಟ್ವೀಟರ್ ಫೆರೋಫ್ಲೂಯಿಡ್ ಬಳಸಿ ನೋಡಿದೆ (5ಕ್ಕೆ 4)

ಕುಂದಾಪುರದ ಮನೆಯಲ್ಲಿದ್ದ ಅಪ್ಪಯ್ಯನ ಹಳೇ ಸ್ಪೀಕರ್ ಜೋಡಿಯನ್ನು ಬೆಂಗಳೂರಿಗೆ ತಂದು, ಮೊದಲು ಹಾಕಿದ್ದೇ ಯಕ್ಷಗಾನದ ಭಾಗವತರಾದ ಕಾಳಿಂಗ ನಾವಡರ ಪದ. ಚಂಡೆ ಕೇಳಿಸಿತು, ಮದ್ದಳೆ ಕೇಳಿಸಿತು. ಭಾಗವತರ ತಾಳ ಮಾತ್ರ ಕಂಬಳಿಯೊಳಗೆ ಬಾರಿಸಿದ ಹಾಗಿತ್ತು. ಎಡಗಡೆಯದ್ದಂತೂ ಹೆಚ್ಚುಕಮ್ಮಿ ಮೂಕ.

ತಾಳದಂಥ ಕೀಚಲು ಸದ್ದನ್ನು ಹೊರಡಿಸುವುದು ಪೆಟ್ಟಿಗೆಯೊಳಗಿನ ಪುಟ್ಟ ಸ್ಪೀಕರ್, ಅದೇ ಟ್ವೀಟರ್. ಮಲ್ಟಿಮೀಟರ್ ಇಟ್ಟರೆ ಎರಡೂ ಟ್ವೀಟರ್ 6 ಓಮ್ ಆಸುಪಾಸು ತೋರಿಸಿದವು. 8 ಓಮ್ ಟ್ವೀಟರಿಗೆ ಅದು ಸರಿಯಾದ ಲೆಕ್ಕವೇ. ಒಳಗಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಸುಟ್ಟಿಲ್ಲ ಅಂತಾಯಿತು. ಬಿಚ್ಚಿದೆ. ಕಾಯಿಲ್ ಕೂರುವ ಸಂದಿಯ ತುಂಬ ಕಪ್ಪು ಅಂಟು, ಥೇಟ್ ಹಲಸಿನ ಮೇಣ. ಅದು ಒಣಗಿದ ಫೆರೋಫ್ಲೂಯಿಡ್. ಎಣ್ಣೆಯಲ್ಲಿ ಬೆರೆಸಿದ, ಆಯಸ್ಕಾಂತಕ್ಕೆ ಎಳೆಯುವ ಕಬ್ಬಿಣದ ಆಕ್ಸೈಡಿನ ಕಣಗಳು. ಕಾಯಿಲಿನ ಬಿಸಿಯನ್ನು ಸುತ್ತಲಿನ ಲೋಹಕ್ಕೆ ದಾಟಿಸುವುದು ಅದರ ಕೆಲಸ. ವರ್ಷಗಳು ಕಳೆದಂತೆ ಎಣ್ಣೆ ಗಟ್ಟಿಯಾಗಿ ಕಾಯಿಲನ್ನೇ ಹಿಡಿದುಕೊಳ್ಳುತ್ತದೆ.

ಮೊದಲು ಎಡವಟ್ಟು ಮಾಡಿದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಒಂದು ಬಾಟಲಿ ತರಿಸಿದೆ. 'ಎಲ್ಲಾ ಕೆಲಸಕ್ಕೂ ಆಗುತ್ತೆ' ಎಂದು ಬರೆದಿದ್ದ ಮಾರಾಟಗಾರ. ಬಂದದ್ದು ಆಯಸ್ಕಾಂತ ಹಿಡಿದರೆ ಮುಳ್ಳುಹಂದಿಯ ಹಾಗೆ ಎದ್ದು ನಿಲ್ಲುವ ಆಟದ ಸರಕು, ಸೀಮೆಎಣ್ಣೆ ವಾಸನೆ ಬೇರೆ. ಬೇಗ ಆರಿಹೋಗುವ ಅಂಥದ್ದು ಟ್ವೀಟರಿಗೆ ಬೇಡ. ವಾಪಸ್ ಕೇಳಿದರೆ ಉತ್ತರವೇ ಇಲ್ಲ.

ಎರಡನೇ ಸಲ ಸ್ಪೀಕರಿಗೆಂದೇ ಮಾಡಿದ್ದು ತರಿಸಿದೆ. ಉದ್ದ ಮೂತಿಯ ಸಣ್ಣ ಸಿರಿಂಜ್, ಒಳಗೆ 2 ಎಂಎಲ್. ಇಷ್ಟಕ್ಕೆ ಇಷ್ಟು ದುಡ್ಡಾ ಅನ್ನಿಸುವುದು ನಿಜ. ಕಬ್ಬಿಣದ ಪುಡಿಯನ್ನು ಎಣ್ಣೆಗೆ ಕಲಸಿದರೆ ಸಾಕಲ್ವಾ ಎಂದು ಭಾವ ಕೇಳಿದರು. ಸಾಲದು. ಪುಡಿ ತಳಕ್ಕೆ ಕೂರುತ್ತದೆ. ಇದರ ಕಣಗಳು ಸುಮಾರು 10 ನ್ಯಾನೋಮೀಟರ್. ಒಂದಕ್ಕೊಂದು ಅಂಟದ ಹಾಗೆ ಪ್ರತಿ ಕಣಕ್ಕೂ ಸಾಬೂನಿನಂಥ ಲೇಪ ಇರುತ್ತದೆ. ಆ ಗಾತ್ರಕ್ಕೆ ಎಣ್ಣೆಯ ಅಣುಗಳು ಗುದ್ದುತ್ತಿದ್ದರೆ ಸಾಕು, ಕಣಗಳು ತೇಲುತ್ತಲೇ ಇರುತ್ತವೆ. ಅಂದಹಾಗೆ 1963ರಲ್ಲಿ ನಾಸಾದ ಸ್ಟೀವ್ ಪ್ಯಾಪೆಲ್ ಇದನ್ನು ಮಾಡಿದ್ದು, ತೂಕವಿಲ್ಲದ ಕಡೆ ರಾಕೆಟ್ ಇಂಧನವನ್ನು ಆಯಸ್ಕಾಂತದಿಂದ ಎಳೆಯಲಿಕ್ಕಂತೆ! ನಮಗೆ ಒದಗಿದ್ದು ಭಾಗವತರ ತಾಳಕ್ಕೆ.

ಹಾಕುವುದಕ್ಕಿಂತ ಹಳೆಯದನ್ನು ತೆಗೆಯುವುದೇ ದೊಡ್ಡ ಕೆಲಸ. ಮದುವೆ ಕಾಗದದ ದಪ್ಪ ರಟ್ಟನ್ನು ಪಟ್ಟಿಯಾಗಿ ಕತ್ತರಿಸಿ, ಸಂದಿಯಲ್ಲಿ ಸುತ್ತಿಸಿ ಸುತ್ತಿಸಿ ತೆಗೆದೆ. ಹದಿನೈದು ಪಟ್ಟಿಯಾದರೂ ಕಪ್ಪಾಗಿರಬಹುದು. ಸ್ಕ್ರೂಡ್ರೈವರ್ ಹತ್ತಿರ ತಂದರೆ ಆಯಸ್ಕಾಂತ ರಪ್ಪನೆ ಎಳೆಯುತ್ತದೆ, ಹುಷಾರು. ಹೊಸದನ್ನು ಹಾಕುವಾಗ ಮಾತ್ರ ಖುಷಿಯಾಯಿತು. ಸಿರಿಂಜಿನ ತುದಿಯಲ್ಲಿ ಹನಿ ಕಂಡದ್ದೇ ತಡ, ಸಂದಿ ತಾನೇ ಎಳೆದುಕೊಂಡು ಸುತ್ತ ಉಂಗುರದ ಹಾಗೆ ಹರಡಿಸಿಕೊಂಡಿತು. ಒಂದು ಟ್ವೀಟರಿಗೆ ಅರ್ಧ ಎಂಎಲ್ ಕೂಡ ಹಿಡಿಯಲಿಲ್ಲ. ಜಾಸ್ತಿ ಹಾಕಿದರೆ ಉಕ್ಕಿ ಡೋಮಿನ (ಟ್ವೀಟರಿನ ಮುಂದಿನ ಗುಮ್ಮಟದ) ಕೆಳಗೆ ಬರುತ್ತದೆ.

ಒಂದು ಅಂಕ ಕಳೆದದ್ದು ಸಿರಿಂಜಿನ ಜೊತೆ ಬಂದ ಚೀಟಿಗೆ. ಎಷ್ಟು ಹಾಕಬೇಕೆಂದು ಒಂದು ಸಾಲೂ ಇಲ್ಲ. ಕಲೆ ಹೋಗುವುದಿಲ್ಲ ಎಂದೂ ಬರೆದಿಲ್ಲ. ನಮ್ಮ ಊಟದ ಮೇಜಿನ ಬಟ್ಟೆಯ ಮೇಲೆ ಈಗ ಮೂರು ಕಪ್ಪು ಚುಕ್ಕೆಗಳಿವೆ. ಹೆಂಡತಿ ಅವನ್ನು ಬಂದವರಿಗೆಲ್ಲ ತೋರಿಸುತ್ತಾಳೆ.

ಎಲ್ಲ ಟ್ವೀಟರಿನಲ್ಲೂ ಇದು ಇರುವುದಿಲ್ಲ. ಬಿಚ್ಚಿದಾಗ ಸಂದಿಯಲ್ಲಿ ಎಣ್ಣೆ, ಅಂಟು ಏನೂ ಇಲ್ಲದೆ ಚೊಕ್ಕವಾಗಿದ್ದರೆ ಸುಮ್ನೆ ಮುಚ್ಚಿಬಿಡಿ. ಇದ್ದರೆ ಎರಡೂ ಕಡೆಯದ್ದನ್ನು ಒಟ್ಟಿಗೇ ಬದಲಿಸಿ, ಇಲ್ಲದಿದ್ದರೆ ಎಡಬಲ ಹೊಂದುವುದಿಲ್ಲ.

ರಾತ್ರಿ ಅದೇ ಪದ ಮತ್ತೆ ಹಾಕಿದೆ. ತಾಳ ಟಿಣ್ ಅಂತು. ಊರಿಗೆ ಫೋನ್ ಮಾಡಿ ಸ್ಪೀಕರಿನ ಮುಂದೆ ಹಿಡಿದೆ. ಅಪ್ಪಯ್ಯ ಸ್ವಲ್ಪ ಹೊತ್ತು ಕೇಳಿ, "ಸೌಂಡ್ ಕಮ್ಮಿ ಮಾಡು, ಪಕ್ಕದವರು ಮಲಗಿರಬಹುದು" ಎಂದರು.