ಕ್ಲೋಜರ್ 1.12: ತಪ್ಪು ಕೊಟ್ಟರೂ ತಕರಾರು ತೆಗೆಯದ ಲಿಸ್ಪ್

2007ರಲ್ಲಿ ರಿಚ್ ಹಿಕಿ ಹೊರತಂದ ಕ್ಲೋಜರ್, ಜಾವಾ ವರ್ಚುವಲ್ ಮಷಿನ್ ಮೇಲೆ ಓಡುವ ಲಿಸ್ಪ್, ಅಂದರೆ ಕೋಡನ್ನೆಲ್ಲ ಬ್ರಾಕೆಟ್‌ಗಳೊಳಗೆ ಬರೆಯುವ ಮನೆತನದ ಪ್ರೋಗ್ರಾಮಿಂಗ್ ಭಾಷೆ. ಇಲ್ಲಿ ನೋಡುತ್ತಿರುವುದು 2024ರ ಸೆಪ್ಟೆಂಬರಿನಲ್ಲಿ ಬಂದ 1.12 ಆವೃತ್ತಿಯನ್ನು. ಬ್ರಾಕೆಟ್‌ಗಳ ಕಾಟದ ಬಗ್ಗೆ ಏನೂ ಹೇಳುವುದಿಲ್ಲ. ಎಡಿಟರಿಗೆ ಬ್ರಾಕೆಟ್‌ಗಳನ್ನು ಸರಿದೂಗಿಸುವ ಪ್ಯಾರ್‌ಎಡಿಟ್ ಹಾಕಿಕೊಂಡರೆ ಕೆಲವೇ ದಿನದಲ್ಲಿ ಅವು ಕಣ್ಣಿಗೂ ಬೀಳುವುದಿಲ್ಲ. ನಿಜವಾದ ಕಾಟ ಬೇರೆಯೇ ಇದೆ: ತಪ್ಪು ಮಾಲು ಕೊಟ್ಟರೂ ಈ ಭಾಷೆ ತುಟಿಪಿಟಕ್ಕೆನ್ನದೆ ಇಟ್ಟುಕೊಳ್ಳುತ್ತದೆ.

ಗ್ರಾಹಕರ ವಿವರವಿರುವ ಮ್ಯಾಪ್ (ಕೀಲಿ-ಮೌಲ್ಯ ಜೋಡಿಗಳ ಕಟ್ಟು) ಒಂದರಲ್ಲಿ :ವಿಳಾಸ ಎಂಬ ಕೀವರ್ಡ್ ಕೀಲಿಯಾಗಿ ಇದೆ ಎನ್ನಿ (ಕೀವರ್ಡ್ ಕನ್ನಡದಲ್ಲಿದ್ದರೂ ಕ್ಲೋಜರ್ ಓದಿಕೊಳ್ಳುತ್ತದೆ). ಕೈತಪ್ಪಿ :ವಿಲಾಸ ಎಂದು ಬರೆದು ಕೇಳಿದರೆ ದೋಷ ಬರುವುದಿಲ್ಲ, ನಿಲ್ (ಏನೂ ಇಲ್ಲ ಎಂಬ ಮೌಲ್ಯ) ಬರುತ್ತದೆ. ಆ ನಿಲ್ಲನ್ನು ಸ್ಟ್ರಿಂಗ್ ಮಾಡುವ ಫಂಕ್ಷನ್ನಿಗೆ ಕೊಟ್ಟರೆ ಖಾಲಿ ಸ್ಟ್ರಿಂಗ್ ಸಿಗುತ್ತದೆ. ವಿಳಾಸವೇ ಇಲ್ಲದ ಬಿಲ್ಲು ಅಚ್ಚಾಗಿ ಹೋಗುತ್ತದೆ, ಲಾಗ್‌ನಲ್ಲಿ ಒಂದು ಗೆರೆಯೂ ಇರುವುದಿಲ್ಲ. ಮ್ಯಾಪಿನ ಜಾಗದಲ್ಲಿ 5 ಎಂಬ ಸಂಖ್ಯೆಯನ್ನೇ ಇಟ್ಟು ಗೆಟ್ ಮಾಡಿದರೂ ಉತ್ತರ ನಿಲ್ಲೇ. ಕೋಡ್ ಓಡಿಸದೆಯೇ ತಪ್ಪು ಹುಡುಕುವ, ಕ್ಲೋಜರಿಗೆಂದೇ ಇರುವ ಲಿಂಟರ್ ಸಿಎಲ್‌ಜೆ-ಕಾಂಡೋ ಫಂಕ್ಷನ್ ಹೆಸರಿನ ತಪ್ಪು, ಆರ್ಗ್ಯುಮೆಂಟ್ ಲೆಕ್ಕದ ತಪ್ಪು ಹಿಡಿಯುತ್ತದೆ. ಕೀವರ್ಡಿನ ಅಕ್ಷರದೋಷ ಅದರ ಬಲೆಗೆ ಬೀಳುವುದಿಲ್ಲ. ಹೊರಗಿನಿಂದ ಡೇಟಾ ಒಳಬರುವ ಬಾಗಿಲಲ್ಲೇ ಮಲ್ಲಿ ಅಥವಾ ಸ್ಪೆಕ್ ಎಂಬ ತಪಾಸಣಾ ಲೈಬ್ರರಿ ಇಟ್ಟು ಪರೀಕ್ಷಿಸುವುದೇ ದಾರಿ. ಒಳಗಿನ ಪ್ರತಿ ಫಂಕ್ಷನ್ನಿಗೂ ಅದನ್ನು ಸುತ್ತಲು ಹೋದರೆ ಕೋಡ್ ಓದಲಾಗದಂತಾಗುತ್ತದೆ.

ಹೆಸರೇ ದಾರಿ ತಪ್ಪಿಸುವುದು ಕಂಟೇನ್ಸ್ ಫಂಕ್ಷನ್ನಿನದು.

(ಕಂಟೇನ್ಸ್? [10 20 30] 20) → ಫಾಲ್ಸ್
(ಕಂಟೇನ್ಸ್? [10 20 30] 2) → ಟ್ರೂ

ಇದು ಕೇಳುವುದು ಮೌಲ್ಯವನ್ನಲ್ಲ, ಕೀಲಿಯನ್ನು. ವೆಕ್ಟರಿಗೆ (ಚೌಕ ಬ್ರಾಕೆಟ್ಟಿನೊಳಗಿನ ಸಾಲಿಗೆ) ಕೀಲಿ ಎಂದರೆ ಸೊನ್ನೆಯಿಂದ ಎಣಿಸಿದ ಸ್ಥಾನ. ಹಾಗಾಗಿ 20ನೇ ಸ್ಥಾನ ಇಲ್ಲ, 2ನೇ ಸ್ಥಾನ ಇದೆ. ಮೌಲ್ಯ ಹುಡುಕಲು ಡೇಟಾವನ್ನು ಸೆಟ್ ಮಾಡಿಟ್ಟುಕೊಳ್ಳಿ, ಇಲ್ಲವೇ ಸಮ್ (some) ಫಂಕ್ಷನ್ ಬಳಸಿ. ಇದೇ ಜಾತಿಯ ಇನ್ನೊಂದು ಕಾಂಜ್. ಅದು ವೆಕ್ಟರಿಗೆ ಬಾಲದಲ್ಲಿ ಸೇರಿಸುತ್ತದೆ, ಲಿಸ್ಟಿಗೆ ತಲೆಯಲ್ಲಿ. ಅಷ್ಟೇ ಆಗಿದ್ದರೆ ನೆನಪಿಟ್ಟುಕೊಳ್ಳಬಹುದಿತ್ತು. ವೆಕ್ಟರಿನ ಮೇಲೆ ಮ್ಯಾಪ್ ಫಂಕ್ಷನ್ (ಪ್ರತಿ ಅಂಶಕ್ಕೂ ಒಂದು ಫಂಕ್ಷನ್ ಹಚ್ಚುವಂಥದ್ದು; ಮೇಲಿನ ಡೇಟಾ ಮ್ಯಾಪ್ ಬೇರೆ) ಓಡಿಸಿದ ಮೇಲೆ ಕೈಗೆ ಸಿಗುವುದು ವೆಕ್ಟರ್ ಅಲ್ಲ, ಸೀಕ್ವೆನ್ಸ್. ಆಮೇಲೆ ಕಾಂಜ್ ಮಾಡಿದ್ದು ತಲೆಯಲ್ಲಿ ಹೋಗಿ ಕೂರುತ್ತದೆ. ಕ್ರಮ ಮುಖ್ಯವಾದಲ್ಲಿ ಮ್ಯಾಪ್ ಬದಲು ಮ್ಯಾಪ್‌ವಿ, ಫಿಲ್ಟರ್ ಬದಲು ಫಿಲ್ಟರ್‌ವಿ ಬರೆಯುವ ಅಭ್ಯಾಸ ಇಟ್ಟುಕೊಂಡರೆ ತಂಟೆ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ಸೋಮಾರಿ ಸೀಕ್ವೆನ್ಸುಗಳು, ಅಂದರೆ ಯಾರಾದರೂ ಕೇಳುವವರೆಗೆ ಲೆಕ್ಕ ಮಾಡದ ಸಾಲುಗಳು. ನೂರು ಫೋನ್ ನಂಬರುಗಳ ವೆಕ್ಟರ್ ಮೇಲೆ ಎಸ್ಸೆಮ್ಮೆಸ್ ಕಳಿಸುವ ಫಂಕ್ಷನ್ನನ್ನು ಮ್ಯಾಪ್ ಮಾಡಿ, ಮೊದಲನೆಯದನ್ನು ಮಾತ್ರ ಕೇಳಿ. ಹೋಗುವುದು ಒಂದು ಎಸ್ಸೆಮ್ಮೆಸ್ ಅಲ್ಲ, 32. ವೆಕ್ಟರಿನ ಒಳರಚನೆ 32 ಕೋಣೆಗಳ ಗಂಟುಗಳಿಂದ ಆಗಿರುವುದರಿಂದ ಒಂದು ಗಂಟಿನಷ್ಟನ್ನು ಒಟ್ಟಿಗೇ ಬಿಡಿಸುತ್ತದೆ. ಫಲಿತಾಂಶವನ್ನು ಯಾರೂ ಮುಟ್ಟದಿದ್ದರೆ ಒಂದೂ ಹೋಗುವುದಿಲ್ಲ. ರೆಪ್ಲ್‌ನಲ್ಲಿ (ಕೋಡ್ ಟೈಪಿಸಿದೊಡನೆ ಉತ್ತರ ತೋರಿಸುವ ಕಿಟಕಿಯಲ್ಲಿ) ಪರೀಕ್ಷಿಸಿದಾಗ ನೂರೂ ಸರಿಯಾಗಿ ಹೋಗುತ್ತವೆ, ಯಾಕೆಂದರೆ ಉತ್ತರವನ್ನು ಪರದೆಗೆ ಅಚ್ಚಿಸಲು ರೆಪ್ಲ್ ಎಲ್ಲವನ್ನೂ ಬಿಡಿಸಲೇಬೇಕು. ಸರ್ವರಿನಲ್ಲಿ ಅದೇ ಕೋಡ್ ಸುಮ್ಮನಿರುತ್ತದೆ. ಹೊರಜಗತ್ತಿನಲ್ಲಿ ಏನಾದರೂ ಆಗಬೇಕಿದ್ದರೆ ಮ್ಯಾಪ್ ಬೇಡ, ಡೂಸೀಕ್ ಅಥವಾ ರನ್! ಬೇಕು.

ಫೈಲ್ ಓದುವಲ್ಲೂ ಇದೇ ಕಥೆ. ಕೆಲಸ ಮುಗಿದೊಡನೆ ಫೈಲ್ ಮುಚ್ಚುವ ವಿತ್-ಓಪನ್ ಒಳಗೆ, ಸಾಲುಗಳನ್ನು ಸೋಮಾರಿಯಾಗಿ ಓದುವ ಲೈನ್-ಸೀಕ್ ಬರೆದು ಅದನ್ನು ಹಾಗೇ ಹಿಂದಿರುಗಿಸಿದರೆ, ಫೈಲ್ ಮುಚ್ಚಿದ ಮೇಲೆ ಸಾಲುಗಳನ್ನು ಓದಲು ಹೊರಟು "ಸ್ಟ್ರೀಮ್ ಕ್ಲೋಸ್ಡ್" ಎಂದು ಬೀಳುತ್ತದೆ. ಸಣ್ಣ ಫೈಲಾದರೆ ಡೂಆಲ್ ಸುತ್ತಿ, ದೊಡ್ಡದಾದರೆ ಲೆಕ್ಕವನ್ನೆಲ್ಲ ಒಳಗೇ ಟ್ರಾನ್ಸ್‌ಡ್ಯೂಸ್‌ನಲ್ಲಿ ಮುಗಿಸಿ. ಹತ್ತು ಸಾವಿರ ಸಣ್ಣ ಲಿಸ್ಟುಗಳನ್ನು ರೆಡ್ಯೂಸ್ ಮತ್ತು ಕಾನ್‌ಕ್ಯಾಟ್‌ನಿಂದ ಜೋಡಿಸಿದರೆ ಸಿಗುವ ಸ್ಟ್ಯಾಕ್ ಓವರ್‌ಫ್ಲೋ ಕೂಡ ಸೋಮಾರಿತನದ್ದೇ: ಒಂದರೊಳಗೊಂದು ಬಿಡಿಸದ ಕಾನ್‌ಕ್ಯಾಟ್‌ಗಳು ಪೇರಿಕೊಂಡಿರುತ್ತವೆ. ಖಾಲಿ ವೆಕ್ಟರಿಗೆ ಇಂಟು ಮತ್ತು ಕ್ಯಾಟ್ ಕೊಟ್ಟು ಸುರಿದರೆ ಆ ಪೇರಿಕೆಯೇ ಇರುವುದಿಲ್ಲ.

ಡೇಟಾ ಇಡುವ ಮ್ಯಾಪ್‌ಗಳ ಕ್ರಮವನ್ನು ನಂಬಬೇಡಿ. ಎಂಟು ಜೋಡಿಯವರೆಗೆ ಬರೆದ ಕ್ರಮದಲ್ಲೇ ಸಿಗುತ್ತವೆ. ಒಂಬತ್ತನೆಯದನ್ನು ಸೇರಿಸಿದೊಡನೆ ಒಳಗೊಳಗೇ ಹ್ಯಾಷ್ ಮ್ಯಾಪ್ ಆಗಿ ಕ್ರಮ ಚೆಲ್ಲಾಪಿಲ್ಲಿ. ಎಂಟು ಕಾಲಮ್ಮಿನ ವರದಿ ವರ್ಷಗಟ್ಟಲೆ ಸರಿಯಾಗಿದ್ದು, ಒಂಬತ್ತನೇ ಕಾಲಮ್ ಸೇರಿದ ದಿನ ತಲೆಕೆಳಗಾಗುವುದಕ್ಕೆ ಇದೇ ಕಾರಣ.

ಇಷ್ಟೆಲ್ಲ ಇದ್ದೂ ಇದನ್ನು ಯಾಕೆ ಬಳಸಬೇಕು? ಡೇಟಾ ಒಮ್ಮೆ ಹುಟ್ಟಿದ ಮೇಲೆ ಬದಲಾಗುವುದಿಲ್ಲ ಎಂಬ ಮಾತನ್ನು ಈ ಭಾಷೆ ಅಗ್ಗದಲ್ಲಿ ಉಳಿಸಿಕೊಡುತ್ತದೆ. ಹತ್ತು ಲಕ್ಷ ಅಂಶಗಳ ವೆಕ್ಟರಿನಲ್ಲಿ ಒಂದನ್ನು ತಿದ್ದಿದರೆ ನಕಲಾಗುವುದು ನಾಲ್ಕು ಗಂಟು ಮಾತ್ರ, ಉಳಿದದ್ದೆಲ್ಲ ಹಳೆಯದರ ಜೊತೆ ಹಂಚಿಕೆ. ಎರಡು ಥ್ರೆಡ್‌ಗಳು ಒಂದೇ ಡೇಟಾ ನೋಡುತ್ತಿದ್ದರೂ ಬೀಗ ಬೇಕಿಲ್ಲ. ಮೇಲಾಗಿ, ಓಡುತ್ತಿರುವ ಪ್ರೋಗ್ರಾಮಿಗೇ ರೆಪ್ಲ್ ಜೋಡಿಸಿ ಒಂದು ಫಂಕ್ಷನ್ನನ್ನಷ್ಟೇ ಬದಲಿಸುವ ಸುಖ ಇದರಲ್ಲಿದೆ. ಒಂದೇ ಎಚ್ಚರ: ಫಂಕ್ಷನ್ನಿನ ಹೆಸರು ಬದಲಿಸಿದಾಗ ಹಳೆಯ ಹೆಸರೂ ರೆಪ್ಲ್‌ನ ನೆನಪಿನಲ್ಲಿ ಜೀವಂತವಾಗಿರುತ್ತದೆ. ಹಳೆಯದನ್ನೇ ಕರೆಯುವ ಕೋಡ್ ನಿಮ್ಮಲ್ಲಿ ಓಡುತ್ತದೆ, ಹೊಸದಾಗಿ ಶುರು ಮಾಡಿದ ಸರ್ವರಿನಲ್ಲಿ ಓಡುವುದಿಲ್ಲ. ಕೋಡನ್ನು ಕಮಿಟ್ ಮಾಡುವ ಮೊದಲು ರೆಪ್ಲ್ ಮುಚ್ಚಿ ಒಮ್ಮೆ ಟೆಸ್ಟ್ ಓಡಿಸಿ.

ಸುಧಾರಣೆಗಳ ಮಾತಿಗೆ ಬಂದರೆ, 2022ರ 1.11ರಲ್ಲಿ ಬಂದ ಪಾರ್ಸ್-ಲಾಂಗ್ ಚಿಕ್ಕದಾದರೂ ಒಳ್ಳೆಯ ಸೂಚನೆ. "12ಎ" ಕೊಟ್ಟರೆ ನಿಲ್, ಆದರೆ ಸ್ಟ್ರಿಂಗೇ ಅಲ್ಲದ್ದನ್ನು ಕೊಟ್ಟರೆ ಎಕ್ಸೆಪ್ಶನ್ ಎಸೆಯುತ್ತದೆ. ಹಳೆಯ ಫಂಕ್ಷನ್ನುಗಳಿಗೆ ಇಲ್ಲದ ನಿಷ್ಠುರ ಇದು. ಮುಂದೆ ಹಿಂದೆ ಖಾಲಿ ಜಾಗವಿದ್ದರೂ ನಿಲ್ ಬರುವುದರಿಂದ ಮೊದಲು ಟ್ರಿಮ್ ಮಾಡಿ. ಕನ್ನಡ ಅಂಕಿಗಳೊಡನೆ ಕೆಲಸ ಮಾಡುವವರಿಗೆ ಒಂದು ವಿಚಿತ್ರ: "೧೨೩" ಕೊಟ್ಟರೆ 123 ಸಿಗುತ್ತದೆ, ಯಾಕೆಂದರೆ ಕೆಳಗಿರುವ ಜಾವಾ ಯೂನಿಕೋಡ್ ಅಂಕಿಗಳನ್ನು ಬಲ್ಲದು. ಪಾರ್ಸ್-ಡಬಲ್‌ಗೆ "೧೨.೫" ಕೊಟ್ಟರೆ ನಿಲ್. ಅಕ್ಷರಗಳ ಲೆಕ್ಕವೂ ಜಾವಾದ ಬಳುವಳಿಯೇ: "ಪುಸ್ತಕ"ದ ಉದ್ದ ಕೇಳಿದರೆ 6, ತಿರುಗಿಸಿದರೆ "ಕತ್ಸುಪ".

1.12ರ ದೊಡ್ಡ ಲಾಭ ಜಾವಾ ಜೊತೆಗಿನ ಒಡನಾಟ. ಜಾವಾ ಮೆಥಡ್ಡನ್ನು ಮ್ಯಾಪ್‌ಗೆ ಕೊಡಲು ಮೊದಲು ಅದರ ಸುತ್ತ ಒಂದು ಅನಾಮಿಕ ಫಂಕ್ಷನ್ ಕಟ್ಟಬೇಕಿತ್ತು. ಈಗ ನೇರವಾಗಿ (ಮ್ಯಾಪ್ ಸ್ಟ್ರಿಂಗ್/.ಟುಅಪ್ಪರ್‌ಕೇಸ್ ಹೆಸರುಗಳು) ಎಂದರೆ ಸಾಕು. ಕ್ಲಾಸಿನ ಹೆಸರು ಅಲ್ಲೇ ಇರುವುದರಿಂದ ರಿಫ್ಲೆಕ್ಷನ್ನಿನ (ಓಡುವಾಗ ಮೆಥಡ್ ಹುಡುಕುವ) ನಿಧಾನವೂ ಇಲ್ಲ. ಸ್ಲ್ಯಾಷ್ ನಂತರದ ಚುಕ್ಕಿ ಮರೆತರೆ ಸ್ಟ್ಯಾಟಿಕ್ ಮೆಥಡ್ ಹುಡುಕಲು ಹೋಗುತ್ತದೆ. ಆ್ಯಡ್-ಲಿಬ್‌ನಿಂದ ರೆಪ್ಲ್ ಮುಚ್ಚದೆಯೇ ಹೊಸ ಲೈಬ್ರರಿ ತರಿಸಿಕೊಳ್ಳಬಹುದು. ಇಷ್ಟಾದರೂ ದೋಷಸಂದೇಶಗಳು ಇನ್ನೂ ಜಾವಾದ ಬಾಯಲ್ಲೇ ಮಾತಾಡುತ್ತವೆ. ಸ್ಟ್ರಿಂಗನ್ನು ಐಫನ್ (ಅಂದರೆ ಫಂಕ್ಷನ್) ಮಾಡಲಾಗದು ಎಂಬ ಸಂದೇಶ ಕಂಡರೆ, ಎಲ್ಲೋ ಒಂದು ಬ್ರಾಕೆಟ್ ಹೆಚ್ಚಾಗಿದೆ ಎಂದು ಓದಿಕೊಳ್ಳಿ. ಸಣ್ಣ ಸ್ಕ್ರಿಪ್ಟಿಗೆ ಜಾವಾ ಎದ್ದು ಕೂರುವಷ್ಟರಲ್ಲಿ ತಾಳ್ಮೆ ಕೆಡುತ್ತದೆ. ಅದಕ್ಕೆ ಕ್ಲೋಜರ್ ಸ್ಕ್ರಿಪ್ಟುಗಳನ್ನು ಓಡಿಸುವ ಬಾಬಾಷ್ಕ ಹಾಕಿಕೊಳ್ಳಿ, ಕಣ್ಣು ಮಿಟುಕಿಸುವಷ್ಟರಲ್ಲಿ ಶುರುವಾಗುತ್ತದೆ.

ಟೈಪ್ ಚೆಕರ್ ಇಲ್ಲದೆ ನಿದ್ದೆ ಬಾರದವರಿಗೆ ಇದು ಹಿಡಿಸದು. ಡೇಟಾ ತಿದ್ದಿ ತೀಡಿ ಸಾಗಿಸುವ ಕೆಲಸವಿದ್ದು, ಬಾಗಿಲಲ್ಲಿ ತಪಾಸಣೆ ಇಡುವ ಶಿಸ್ತಿರುವ ತಂಡಕ್ಕೆ 5ಕ್ಕೆ 4 ಕೊಡಬಹುದಾದ ಸಾಮಾನು. ಈಗಾಗಲೇ 1.10ರಲ್ಲಿರುವವರು ಲೈಬ್ರರಿಗಳ ಪಟ್ಟಿಯಿರುವ ಡೆಪ್ಸ್ ಫೈಲಿನಲ್ಲಿ ಆವೃತ್ತಿಯ ಒಂದು ಸಾಲು ಬದಲಿಸಿದರೆ ಸಾಮಾನ್ಯವಾಗಿ ಮುಗಿಯಿತು. ನಿಮ್ಮದೇ ಎಬಿಎಸ್ ಅಥವಾ ಅಪ್‌ಡೇಟ್-ವ್ಯಾಲ್ಸ್ ಫಂಕ್ಷನ್ ಇದ್ದರೆ, ಆ ಹೆಸರುಗಳು ಈಗ ಭಾಷೆಯಲ್ಲೇ ಇರುವುದರಿಂದ ಎಚ್ಚರಿಕೆಯ ಸಂದೇಶ ಬರುತ್ತದೆ, ರೆಫರ್-ಕ್ಲೋಜರ್‌ನ ಎಕ್ಸ್‌ಕ್ಲೂಡ್‌ನಲ್ಲಿ ಆ ಹೆಸರು ಹಾಕಿದರೆ ಹೋಗುತ್ತದೆ. ಮೊದಲೇ ಕಂಪೈಲ್ ಮಾಡಿ ಬಂದ ಹಳೆಯ ಲೈಬ್ರರಿ ಅಪ್‌ಡೇಟ್-ವ್ಯಾಲ್ಸ್ ಹೆಸರಿನಲ್ಲಿ "ಅನ್‌ಬೌಂಡ್" ಎಂದು ಕೂಗಿಕೊಂಡರೆ, ನಿಮ್ಮ ಕೋಡ್ ಕೆದಕಬೇಡಿ, ಆ ಲೈಬ್ರರಿಯ ಹೊಸ ಆವೃತ್ತಿ ಹಾಕಿ.