ಚಾವಿ ತೆಗೆದರೂ ನಿಲ್ಲದ ಲಾರಿ: ಸ್ಟಾಪ್ ಸೊಲೆನಾಯ್ಡ್ ಹಾಕಿ ಮೂರು ವರ್ಷ

ಸ್ಟಾಪ್ ಸೊಲೆನಾಯ್ಡ್ ಅಂದರೆ ಚಾವಿ ತೆಗೆದಾಗ ಡೀಸೆಲ್ ಕಟ್ ಮಾಡಿ ಇಂಜಿನ್ ನಿಲ್ಲಿಸುವ, ಕರೆಂಟಿನ ಒಂದು ಪಾರ್ಟು. ಅದನ್ನು ಹಾಕಿದ ವಾರದಲ್ಲೇ "ದುಡ್ಡು ದಂಡ, ಯಾರೂ ತಗೋಬೇಡಿ" ಅಂತ ಒಂದು ಸ್ಟಾರ್ ಕೊಟ್ಟು ಬರೆಯಲು ಕೂತಿದ್ದೆ. ಬರೆಯದೇ ಇದ್ದದ್ದು ಒಳ್ಳೇದಾಯ್ತು. ಈ ಮೂರು ವರ್ಷದಲ್ಲಿ ನನ್ನ ಗಾಡಿ ಮೂರು ಸಲ ಬಂದ್ ಆಗದೆ ಹಟ ಹಿಡಿದಿದೆ. ಅದರಲ್ಲಿ ಒಂದೇ ಸಲ ಈ ಪಾರ್ಟಿನ ತಪ್ಪು, ಅದರಲ್ಲೂ ಅರ್ಧ ನನ್ನದು.

ಗಾಡಿ 2006ರದ್ದು. ನಾಲ್ಕು ಸಿಲಿಂಡರ್, 12 ವೋಲ್ಟ್, ಇಂಜಿನ್ನಿಗೆ ಡೀಸೆಲ್ ಕೊಡಲು ಹಳೇ ಕಾಲದ ಮೆಕ್ಯಾನಿಕಲ್ ಪಂಪು. ಇಂಡಿ ಕಡೆಯಿಂದ ನಿಂಬೆಹಣ್ಣು, ತಿಕೋಟಾದಿಂದ ಒಣದ್ರಾಕ್ಷಿ, ಉಳಿದ ದಿನ ಸಿಕ್ಕಿದ ಬಾಡಿಗೆ. ಮೊದಲು ಇದಕ್ಕೆ ಸ್ಟಾಪ್ ಕೇಬಲ್ ಇತ್ತು. ಡ್ಯಾಶ್‌ಬೋರ್ಡಿನಲ್ಲಿ ಒಂದು ಕರಿ ಗುಂಡಿ, ಎಳೆದರೆ ಇಂಜಿನ್ ಬಂದ್. ಎಳೆದೂ ಎಳೆದೂ ಒಳಗಿನ ತಂತಿ ಉದ್ದವಾಗಿ, ಪಂಪಿನ ಲಿವರ್ ಪೂರ್ತಿ ಹಿಂದೆ ಹೋಗುವುದೇ ನಿಂತಿತು. ನಿಜ ಹೇಳಬೇಕೆಂದರೆ ಹೊಸ ಕೇಬಲ್ ಹಾಕಿಸಿದ್ದರೆ ಕೆಲವೇ ನೂರರಲ್ಲಿ ಮುಗಿಯುತ್ತಿತ್ತು. ಆದರೆ ಗಾಡಿ ಓಡಿಸುವ ನಮ್ಮ ಅಳಿಯ "ಮಾವಾ, ಚಾವಿಯಿಂದನ ಬಂದ್ ಆಗೂ ಹಂಗ ಮಾಡ್ಸೂಣು" ಅಂದ. ಸರಿ ಅಂದೆ. ಎರಡು ಸಾವಿರದ ಚಿಲ್ಲರೆ ಹೋಯಿತು.

ಪೆಟ್ರೋಲ್ ಗಾಡಿಯಲ್ಲಿ ಚಾವಿ ತೆಗೆದರೆ ಕಿಡಿ ಹೋಗುತ್ತದೆ, ಇಂಜಿನ್ ನಿಲ್ಲುತ್ತದೆ. ಡೀಸೆಲ್‌ಗೆ ಕಿಡಿ ಬೇಕೇ ಇಲ್ಲ, ಗಾಳಿಯನ್ನು ಒತ್ತಿದ ಬಿಸಿಗೇ ಹತ್ತಿಕೊಳ್ಳುತ್ತದೆ. ಡೀಸೆಲ್ ಎಣ್ಣೆ ಬರುವ ತನಕ ಓಡುತ್ತಲೇ ಇರುತ್ತದೆ. ಹಾಗಾಗಿ ಪಂಪಿನಲ್ಲೇ ಎಣ್ಣೆ ಕಟ್ ಮಾಡಬೇಕು. ಅದಕ್ಕೆ ಬರುವ ಸೊಲೆನಾಯ್ಡ್ ಎರಡು ಥರ. ಒಂದು, ಕರೆಂಟ್ ಇದ್ದರೆ ಇಂಜಿನ್ ಓಡಿಸುವುದು. ಇನ್ನೊಂದು, ಕರೆಂಟ್ ಕೊಟ್ಟಾಗ ನಿಲ್ಲಿಸುವುದು. ನನ್ನದು ಮೊದಲಿನದು: ಚಾವಿ ತಿರುಗಿಸಿದರೆ ಲಿವರನ್ನು ಎಳೆದು ಹಿಡಿಯುತ್ತದೆ, ಚಾವಿ ತೆಗೆದರೆ ಕಿಟ್‌ನಲ್ಲಿ ಬಂದ ದಪ್ಪ ಸ್ಪ್ರಿಂಗು ವಾಪಸ್ ಎಳೆಯುತ್ತದೆ. ನನಗೆ ಇದೇ ಇಷ್ಟ. ವೈರು ಕಿತ್ತರೆ ಗಾಡಿ ನಿಲ್ಲುತ್ತದೆ, ಓಡುತ್ತಾ ಇರಲ್ಲ. ಕೊಳ್ಳುವಾಗ ಇದನ್ನೂ 12 ವೋಲ್ಟೋ 24 ವೋಲ್ಟೋ ಅನ್ನುವುದನ್ನೂ ಬಾಯಿಬಿಟ್ಟು ಕೇಳಿ. ದೊಡ್ಡ ಲಾರಿಗಳು ಸಾಮಾನ್ಯವಾಗಿ 24. ಅದಕ್ಕೆ 12ರ ಕಾಯಿಲ್ (ಸೊಲೆನಾಯ್ಡಿನೊಳಗಿನ ತಂತಿ ಸುರುಳಿ) ಇರುವುದನ್ನು ಹಾಕಿದರೆ ಸುಟ್ಟಿತು ಅಂತಲೇ ಲೆಕ್ಕ.

ಮೊದಲ ರಾಮಾಯಣ ವಿಜಯಪುರ ಎಪಿಎಂಸಿಯಲ್ಲಿ. ಚಾವಿ ಕೈಯಲ್ಲಿದೆ, ಗಾಡಿ ಗಡಗಡ ಓಡುತ್ತಿದೆ. ಹಮಾಲರೆಲ್ಲ ಸೇರಿ "ಏನ್ರೀ ಸಾಹುಕಾರ್ರ, ಗಾಡಿಗಿ ದೆವ್ವ ಬಡದೈತೇನು?" ಅಂತ ನಗುತ್ತಿದ್ದರು. ವೈರಿಂಗ್ ಮಾಡುವ ಹುಡುಗ ಸ್ಪ್ಯಾನರ್ ತಗೊಂಡು ಬ್ಯಾಟರಿ ಬಿಚ್ಚಲು ಹೋದ. ಪಕ್ಕದ ಗಾಡಿಗೆ ಬಂದಿದ್ದ ಒಬ್ಬ ವಯಸ್ಸಾದ ಮಿಸ್ತ್ರಿ ಅಲ್ಲಿಂದಲೇ ಕೂಗಿದರು, "ಏ ತಮ್ಮಾ, ಬ್ಯಾಟರಿ ಮುಟ್ಟಬ್ಯಾಡ, ಡೈನಮೋ ಸುಡ್ತೈತಿ!" ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ನಮ್ಮ ಕಡೆ ಇನ್ನೂ ಡೈನಮೋ ಅಂತಲೇ ಅನ್ನುತ್ತಾರೆ. ಓಡುವ ಇಂಜಿನ್ನಿನಲ್ಲಿ ಬ್ಯಾಟರಿ ಬಿಚ್ಚಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಡೈನಮೋದ ಡಯೋಡುಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಪಾರ್ಟುಗಳು) ಹೋಗುವ ಸಾಧ್ಯತೆ ಇದೆ. ಇಂಜಿನ್ ನಿಲ್ಲುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ.

ಆ ಮಿಸ್ತ್ರಿ ಒಂದು ಟೆಸ್ಟ್ ಲ್ಯಾಂಪ್ ತಂದರು. ಅದೇನು ದೊಡ್ಡದಲ್ಲ, ಇಂಡಿಕೇಟರ್ ಬಲ್ಬಿಗೆ ಎರಡು ವೈರು. ಒಂದನ್ನು ಚಾಸಿಗೆ, ಇನ್ನೊಂದನ್ನು ಸೊಲೆನಾಯ್ಡಿನ ಟರ್ಮಿನಲ್ಲಿಗೆ ಮುಟ್ಟಿಸಿದರು. ಚಾವಿ ತೆಗೆದಿದೆ, ಬಲ್ಬ್ ಉರಿಯುತ್ತಿದೆ. ಅಂದರೆ ಪಾಪದ ಸೊಲೆನಾಯ್ಡು ಹೇಳಿದ ಕೆಲಸ ಮಾಡುತ್ತಿದೆ, ಕರೆಂಟ್ ಕೊಡುತ್ತಿರುವವನು ಬೇರೆ ಯಾರೋ. ಡ್ಯಾಶ್‌ಬೋರ್ಡ್ ನೋಡಿದರೆ ಚಾರ್ಜಿಂಗ್ ದೀಪ ಮಂದವಾಗಿ, ಕೆಂಡ ಆರುವಾಗ ಇರುತ್ತದಲ್ಲ ಹಾಗೆ ಕೆಂಪಗಿತ್ತು. ಮಿಸ್ತ್ರಿ ಡೈನಮೋ ಹಿಂದಿನಿಂದ ಆ ದೀಪಕ್ಕೆ ಹೋಗುವ ಸಣ್ಣ ವೈರನ್ನು ಎಳೆದರು. ಇಂಜಿನ್ ಎರಡು ಸಲ ನಡುಗಿ ನಿಂತಿತು.

ಆಗಿದ್ದು ಇಷ್ಟು. ಸೊಲೆನಾಯ್ಡ್ ಎಳೆಯುವಾಗ ಜಾಸ್ತಿ ಕರೆಂಟ್ ತಿನ್ನುತ್ತದೆ ಅಂತ ಮಧ್ಯೆ ಒಂದು ರಿಲೇ (ಸ್ವಲ್ಪ ಕರೆಂಟಿನಿಂದ ಜಾಸ್ತಿ ಕರೆಂಟನ್ನು ಆನ್ ಮಾಡುವ ಸ್ವಿಚ್ಚು) ಹಾಕಿದ್ದರು. ಚಾವಿ ತೆಗೆದ ಮೇಲೂ ಇಂಜಿನ್ ತಿರುಗುತ್ತಿದೆಯಲ್ಲ, ಡೈನಮೋದ ಕರೆಂಟು ಚಾರ್ಜಿಂಗ್ ದೀಪದ ಮೂಲಕ ಉಲ್ಟಾ ಬಂದು ಆ ರಿಲೇಯನ್ನು ಹಿಡಿದೇ ಇಟ್ಟಿತ್ತು. ರಿಲೇಗೆ ಅಷ್ಟು ಸಾಕು. ಕೆಲವೇ ರೂಪಾಯಿಯ ಒಂದು ಡಯೋಡ್, ಅದರ ಮೇಲಿನ ಬೆಳ್ಳಿ ಪಟ್ಟಿ ಡೈನಮೋ ಕಡೆ ಬರುವ ಹಾಗೆ ಆ ಸಣ್ಣ ವೈರಿನಲ್ಲಿ ಸೇರಿಸಿದರು. ಇವತ್ತಿನ ತನಕ ಆ ತೊಂದರೆ ಮತ್ತೆ ಬಂದಿಲ್ಲ. ನಾನು ಅಷ್ಟರಲ್ಲಿ ಅಂಗಡಿಯವನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದಿದ್ದೆ, ಅದು ಬೇರೆ ಮಾತು.

ಆ ಮಿಸ್ತ್ರಿಯೇ ಇನ್ನೊಂದು ತಪ್ಪು ಹಿಡಿದರು. ಈ ಸೊಲೆನಾಯ್ಡಿನಲ್ಲಿ ಎರಡು ಕಾಯಿಲ್ ಇವೆ. ಒಂದು ಜೋರಾಗಿ ಎಳೆಯಲು, ಇನ್ನೊಂದು ಸುಮ್ನೆ ಹಿಡಿದಿಡಲು. ಒಳಗಿನ ರಾಡು ಪೂರ್ತಿ ತಳಕ್ಕೆ ಕೂತರೆ ಮಾತ್ರ ಎಳೆಯುವ ಕಾಯಿಲ್ ಬಂದ್ ಆಗುತ್ತದೆ. ನಮ್ಮಲ್ಲಿ ರಾಡು ಉದ್ದ ಸರಿಯಾಗಿ ಹೊಂದಿಸದೆ ಸ್ವಲ್ಪದರಲ್ಲಿ ನಿಂತಿತ್ತು. ಹಾಗೇ ಬಿಟ್ಟಿದ್ದರೆ ಎಳೆಯುವ ಕಾಯಿಲ್ ಬಂದ್ ಆಗದೆ ಬಿಸಿಯಾಗುತ್ತಲೇ ಇದ್ದು, ನಮ್ಮ ವಿಜಯಪುರದ ಮೇ ತಿಂಗಳ ಬಿಸಿಲಿನಲ್ಲಿ ಎಷ್ಟು ದಿನ ಬಾಳುತ್ತಿತ್ತೋ. ಕಂಪನಿ ಕೊಟ್ಟ ಚೀಟಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಎರಡನೇ ಸಲ ಆದದ್ದು ಎರಡು ವರ್ಷ ಕಳೆದ ಮೇಲೆ, ಕೊಲ್ಹಾರದಲ್ಲಿ. ಸೇತುವೆ ದಾಟಿ ಮೊಸರು ತಗೊಳ್ಳೋಣ ಅಂತ ನಿಲ್ಲಿಸಿದೆವು, ಗಾಡಿ ನಿಲ್ಲಲಿಲ್ಲ. ಈ ಸಲ ಟೆಸ್ಟ್ ಲ್ಯಾಂಪ್ ನನ್ನ ಹತ್ತಿರವೇ ಇತ್ತು. ಮುಟ್ಟಿಸಿದೆ, ಉರಿಯಲಿಲ್ಲ. ಕರೆಂಟ್ ಇಲ್ಲ, ಆದರೂ ಓಡುತ್ತಿದೆ. ಹಾಗಾದರೆ ಏನೋ ಸಿಕ್ಕಿಹಾಕಿಕೊಂಡಿದೆ ಅಂತ ಬಾನೆಟ್ ಎತ್ತಿ ಲಿವರನ್ನು ಸ್ಕ್ರೂಡ್ರೈವರಿನಿಂದ ಒತ್ತಿದೆ, ತಕ್ಷಣ ನಿಂತಿತು. ಬಿಚ್ಚಿ ನೋಡಿದರೆ ರಾಡಿಗೆ ಧೂಳು ತಾಗದಂತೆ ಮುಚ್ಚುವ ರಬ್ಬರ್ ಬೂಟು ಸೀಳಿತ್ತು. ಒಳಗೆ ಧೂಳು, ಎಣ್ಣೆ ಸೇರಿ ಹೋಳಿಗೆ ಹೂರಣದ ಹಾಗೆ ರಾಡಿನ ಸುತ್ತ ಮೆತ್ತಿಕೊಂಡಿತ್ತು. ಬಟ್ಟೆಗೆ ಡೀಸೆಲ್ ಹಚ್ಚಿ ಒರೆಸಿ, ಒಣಗಿಸಿ ಹಾಕಿದೆ. ಗ್ರೀಸ್ ಹಚ್ಚಬೇಡಿ, ಅದೇ ಧೂಳು ಹಿಡಿಯುತ್ತದೆ. ಬೂಟನ್ನು ಒಂದು ಸಲವೂ ತೆಗೆದು ನೋಡದೇ ಇದ್ದದ್ದು ನನ್ನ ಪಾಲಿನ ಅರ್ಧ ತಪ್ಪು.

ಮೂರನೇದು ಇತ್ತೀಚೆಗೆ. ಲ್ಯಾಂಪ್ ಉರಿಯಿತು, ಚಾರ್ಜಿಂಗ್ ದೀಪ ಇರಲಿಲ್ಲ, ಚಾವಿ ಅಲ್ಲಾಡಿಸಿದರೆ ಒಮ್ಮೊಮ್ಮೆ ಬಂದ್. ಚಾವಿ ಸ್ವಿಚ್ಚೇ ಸವೆದಿತ್ತು. ಬದಲಿಸಿದೆ.

ಈ ಮೂರೂ ಸಲ ಗಾಡಿ ಸುಮ್ಮನೆ ಐಡಲಿನಲ್ಲಿ ಓಡುತ್ತಿತ್ತು. ಅಂಥ ಹೊತ್ತಲ್ಲಿ ದಾರಿಯಲ್ಲಿ ಬೇರೇನೂ ಉಪಾಯ ಇಲ್ಲದಿದ್ದರೆ ಸಮ ಜಾಗದಲ್ಲಿ ಟಾಪ್ ಗಿಯರ್ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಕ್ಲಚ್ ನಿಧಾನ ಬಿಟ್ಟರೆ ನಿಲ್ಲುತ್ತದೆ. ಎದುರಿಗೆ ಜನ ಇರಬಾರದು. ಆದರೆ ಇಂಜಿನ್ ತಾನಾಗೇ ಜೋರಾಗುತ್ತಾ ಹೋಗಿ, ನೀಲಿ ಹೊಗೆ ಉಗುಳಿದರೆ ಅದು ಬೇರೆ ಕಾಯಿಲೆ. ಟರ್ಬೋ (ಇಂಜಿನ್ನಿಗೆ ಗಾಳಿ ತುಂಬುವ ಭಾಗ) ಸೀಲ್ ಹೋಗಿಯೋ, ಆಯಿಲ್ ಜಾಸ್ತಿ ಹಾಕಿಯೋ ಅದು ತನ್ನ ಇಂಜಿನ್ ಆಯಿಲ್ಲನ್ನೇ ಕುಡಿದು ಓಡುತ್ತಿರುತ್ತದೆ. ಡೀಸೆಲ್ ಕಟ್ ಮಾಡಿದರೂ ಪ್ರಯೋಜನವಿಲ್ಲ, ಗಾಳಿಯ ಬಾಯನ್ನೇ ಗಟ್ಟಿ ಹಲಗೆಯಿಂದ ಮುಚ್ಚಬೇಕು. ಕೈಯಿಂದ, ಬಟ್ಟೆಯಿಂದ ಅಲ್ಲ, ಒಳಗೆ ಎಳೆದುಕೊಳ್ಳುತ್ತದೆ.

ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಯವರು ಇಷ್ಟೆಲ್ಲ ಓದಿದ್ದರೆ ಕ್ಷಮಿಸಿ, ನಿಮ್ಮದರಲ್ಲಿ ಕಂಪ್ಯೂಟರೇ ಎಣ್ಣೆ ಕಟ್ ಮಾಡುತ್ತದೆ. ಹಳೇ ಗಾಡಿಯವರು ಮೊದಲು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ನನ್ನ ಥರದ ಸೊಲೆನಾಯ್ಡ್ ಇದ್ದರೆ, ಚಾವಿ ತೆಗೆದ ಮೇಲೂ ಬಲ್ಬ್ ಉರಿದರೆ ವೈರಿಂಗ್ ಹುಡುಕಿ, ಉರಿಯದಿದ್ದರೆ ಲಿವರ್, ರಾಡು, ಸ್ಪ್ರಿಂಗ್ ನೋಡಿ. ಆಮೇಲೆ ಬೇಕಾದರೆ ಸೊಲೆನಾಯ್ಡ್ ಕೊಳ್ಳಿ.

ಐದಕ್ಕೆ ನಾಲ್ಕು ಸ್ಟಾರ್. ಕಾಯಿಲ್ ಇನ್ನೂ ಮೊದಲ ದಿನದ ಹಾಗೇ ಎಳೆಯುತ್ತದೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಆ ಚೀಟಿಗೆ, ಆ ಬೂಟಿಗೆ. ಬೂಟು ಬಿಡಿಯಾಗಿ ಸಿಗುವುದಿಲ್ಲವಂತೆ, ಇಡೀ ಸೊಲೆನಾಯ್ಡೇ ತಗೋಬೇಕಂತೆ. ಸದ್ಯಕ್ಕೆ ಅಳಿಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ಎರಡೂ ಕಡೆ ತಂತಿ ಬಿಗಿದಿದ್ದಾನೆ. ಕಂಪನಿಯ ಬೂಟಿಗಿಂತ ಅದೇ ಗಟ್ಟಿಯಿದೆ.