ಕಾರ್ಮಿಕರೇ ನಡೆಸಿದ ಟ್ರಾಮ್ ಸೇವೆ, ಬಾರ್ಸಿಲೋನಾ 1936–39: ಒಂದು ವಿಮರ್ಶೆ

ಟ್ರಾಮ್ ಬಂತೇ, ಟಿಕೆಟ್ಟಿಗೆ ಎಷ್ಟಾಯಿತು, ಇಳಿಯುವಾಗ ಕೈಕಾಲು ನೆಟ್ಟಗಿತ್ತೇ? ಸ್ಪೇನಿನ ಕ್ರಾಂತಿಯ ಕಾಲದಲ್ಲಿ ಪ್ರಭುತ್ವವೇ ಬೇಡವೆನ್ನುವ ಅನಾರ್ಕಿಸ್ಟ್ ಕಾರ್ಮಿಕ ಸಂಘ ಸಿ.ಎನ್.ಟಿ. ವಹಿಸಿಕೊಂಡ ಬಾರ್ಸಿಲೋನಾದ ಟ್ರಾಮ್ ಸೇವೆಯನ್ನು ಪ್ರಯಾಣಿಕರ ಈ ಪ್ರಶ್ನೆಗಳಿಂದಲೇ ಅಳೆಯಬೇಕು. ಗಾಡಿ, ಹಳಿ ಮತ್ತು ದುಡಿಮೆಯ ವ್ಯವಸ್ಥೆಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡಬಹುದು. ಹಣಕಾಸಿನ ಭದ್ರತೆಗೆ ಎರಡರ ಮೇಲೆ ಕೊಡಲಾಗದು.

1936ರ ಜುಲೈ 19–20ರಂದು ಗಣರಾಜ್ಯ ಸರ್ಕಾರದ ವಿರುದ್ಧದ ಸೇನಾ ದಂಗೆ ಬಾರ್ಸಿಲೋನಾದ ಬೀದಿಕಾಳಗದಲ್ಲಿ ಮುರಿದುಬಿದ್ದಾಗ ರಸ್ತೆಗಳಲ್ಲಿ ಬ್ಯಾರಿಕೇಡ್‌ಗಳಿದ್ದವು, ಹಳಿ ಮತ್ತು ತಂತಿಗಳು ಹಾಳಾಗಿದ್ದವು, ಟ್ರಾಮ್ ಕಂಪನಿಯ ಮೇಲಧಿಕಾರಿಗಳು ಜಾಗ ಖಾಲಿ ಮಾಡಿದ್ದರು. ಸಂಘ ಏಳು ಜನರ ಸಮಿತಿಯನ್ನು ಕಚೇರಿಗೆ ಕಳಿಸಿತು. ಉಳಿದವರು ಹಳಿ ನೋಡಲು ಹೊರಟರು. ಕಾಳಗ ನಿಂತ ಐದೇ ದಿನಕ್ಕೆ 700 ಗಾಡಿಗಳು ಸಂಘದ ಕೆಂಪು-ಕಪ್ಪು ಬಣ್ಣದಲ್ಲಿ ರಸ್ತೆಗಿಳಿದವು. ಮೊದಲು ಓಡುತ್ತಿದ್ದುದು 600. ಹೆಚ್ಚಿನ ನೂರರ ಹಿಂದೆ ಒಂದು ಸುರಕ್ಷತೆಯ ತೀರ್ಮಾನವಿದೆ. ಗಾಡಿಯ ಬೆನ್ನಿಗೆ ಕಟ್ಟಿ ಎಳೆಯುತ್ತಿದ್ದ ಟ್ರೇಲರ್‌ಗಳಿಂದ ಅಪಘಾತಗಳು ಹೆಚ್ಚುತ್ತಿದ್ದವು, ಹಾಗಾಗಿ ಅವನ್ನು ಕೈಬಿಟ್ಟರು. ಆ ಕೊರತೆ ತುಂಬಲು, ಕಂಪನಿ ಮೂಲೆಗೆ ತಳ್ಳಿದ್ದ ಗಾಡಿಗಳನ್ನು ಹಗಲಿರುಳು ರಿಪೇರಿ ಮಾಡಿದರು.

ಸೇವೆಯ ಜೀವಾಳ ಅದರ ಆಡಳಿತದ ಕಟ್ಟು. ಸುಮಾರು 7,000 ನೌಕರರು. ಅವರಲ್ಲಿ ಬಹುಪಾಲು ಸಿ.ಎನ್.ಟಿ. ಸದಸ್ಯರು. ವಿದ್ಯುತ್, ತಂತಿ, ರಿಪೇರಿ, ಸಂಚಾರ ಎಂದು ವಿಭಾಗಗಳಿದ್ದವು. ಪ್ರತಿ ವಿಭಾಗಕ್ಕೂ ಸಂಘದ ಒಪ್ಪಿಗೆಯಿಂದ ನೇಮಕವಾದ ಒಬ್ಬ ಎಂಜಿನಿಯರ್, ಜೊತೆಗೆ ಕಾರ್ಮಿಕರ ಒಬ್ಬ ಪ್ರತಿನಿಧಿ. ವಿಭಾಗದ ವಿಷಯ ವಿಭಾಗದ ಸಭೆಯಲ್ಲಿ, ಎಲ್ಲರಿಗೂ ತಟ್ಟುವ ವಿಷಯ ಮಹಾಸಭೆಯಲ್ಲಿ ಇತ್ಯರ್ಥವಾಗುತ್ತಿತ್ತು. ಈ ಜೋಡಿ ಯಾಕೆ ಮುಖ್ಯವೆಂದರೆ, ಎಂಜಿನಿಯರನ್ನು ಹೊರಗಟ್ಟಿದರೆ ಸಬ್‌ಸ್ಟೇಷನ್ ಕೆಡುತ್ತದೆ. ಅವರೊಬ್ಬರಿಗೇ ಬಿಟ್ಟರೆ ಹಳೆಯ ಯಜಮಾನಿಕೆ ಹಿಂಬಾಗಿಲಿನಿಂದ ಬರುತ್ತದೆ. ತಜ್ಞರ ಮಾತೂ ಬೇಕು, ಕೊನೆಯ ತೀರ್ಮಾನವೂ ದುಡಿಯುವವರ ಕೈಯಲ್ಲಿರಬೇಕು ಎಂಬುದನ್ನು ಇಷ್ಟು ಸರಳವಾಗಿ ಜಾರಿಗೆ ತಂದ ಉದಾಹರಣೆಗಳು ವಿರಳ, ಅದನ್ನು ಮನಸಾರೆ ಮೆಚ್ಚಬೇಕು.

ದರಕ್ಕೆ ಬಂದರೆ, ದೂರಕ್ಕೆ ತಕ್ಕಂತೆ 10ರಿಂದ 40 ಸೆಂಟಿಮೊ (ಸ್ಪೇನಿನ ಆಗಿನ ಹಣ ಪೆಸೆಟಾದ ನೂರನೇ ಒಂದು ಭಾಗ) ಇದ್ದ ಟಿಕೆಟ್ 20 ಸೆಂಟಿಮೊಗೆ ಏಕರೂಪವಾಯಿತು. ದೂರದ ಕಾರ್ಮಿಕ ಬಡಾವಣೆಗಳಿಗೆ ಇದು ದೊಡ್ಡ ಉಪಕಾರ. ಕೂಲಿಯ ಅಂತರವೂ ಕುಗ್ಗಿತು: ಸಾಮಾನ್ಯ ಕಾರ್ಮಿಕರಿಗೆ ದಿನಕ್ಕೆ 15 ಪೆಸೆಟಾ, ಕುಶಲರಿಗೆ 16. ವರ್ಕ್‌ಶಾಪ್‌ಗೆ ಹೊಸ ಯಂತ್ರಗಳು ಬಂದವು. ಹಿಂದೆ ಹೊರಗಿನಿಂದ ಕೊಳ್ಳುತ್ತಿದ್ದ ಬಿಡಿಭಾಗಗಳನ್ನು ಅಲ್ಲೇ ತಯಾರಿಸತೊಡಗಿದರು. ಸಂಘದ ಲೆಕ್ಕದಂತೆ 1936ರಲ್ಲಿ ಸುಮಾರು 18 ಕೋಟಿ 35 ಲಕ್ಷ ಇದ್ದ ಪ್ರಯಾಣಗಳು ಮರುವರ್ಷ 23 ಕೋಟಿ 35 ಲಕ್ಷಕ್ಕೇರಿದವು. ಆದರೆ ಈ ಏರಿಕೆಯನ್ನೆಲ್ಲ ಆಡಳಿತದ ಖಾತೆಗೆ ಬರೆಯುವಂತಿಲ್ಲ. ದಂಗೆಯಿಂದ ಹೊತ್ತಿಕೊಂಡ ಅಂತರ್ಯುದ್ಧದಿಂದಾಗಿ ನಗರಕ್ಕೆ ನಿರಾಶ್ರಿತರು ಹರಿದುಬಂದಿದ್ದರು, ಪೆಟ್ರೋಲ್ ರಣರಂಗಕ್ಕೆ ಹೋಗುತ್ತಿತ್ತು. ಅಷ್ಟು ಜನರನ್ನು ಹೊತ್ತು ಸಾಗಿಸಿದ್ದು ಮಾತ್ರ ಪೂರ್ತಿ ಕಾರ್ಮಿಕರ ಸಾಧನೆ.

ಎಡವಿದ್ದು ಹಣದ ವಿಷಯದಲ್ಲಿ. ಕಾರ್ಖಾನೆಗಳು ಕಾರ್ಮಿಕರ ಕೈಗೆ ಬಂದವು, ಬ್ಯಾಂಕುಗಳು ಬರಲಿಲ್ಲ. ಸಾಲ ಮತ್ತು ವಿದೇಶಿ ವಿನಿಮಯ ಸರ್ಕಾರಗಳ ಹಿಡಿತದಲ್ಲೇ ಉಳಿದವು. ಟ್ರಾಮ್‌ಗೆ ಪ್ರತಿದಿನ ನಗದು ಬರುತ್ತಿದ್ದರಿಂದ ಈ ಪೆಟ್ಟು ತಡವಾಗಿ ತಟ್ಟಿತು. ಆಮದು ಹತ್ತಿಯನ್ನೇ ನಂಬಿದ್ದ ಬಟ್ಟೆ ಗಿರಣಿಗಳು ಬೇಗನೆ ಕುಸಿದವು. ಉಳ್ಳ ಕಲೆಕ್ಟಿವ್ (ಕಾರ್ಮಿಕರೇ ನಡೆಸುವ ಉದ್ದಿಮೆ) ಒಂದು, ಇಲ್ಲದ್ದು ಇನ್ನೊಂದು ಎಂಬ ಅಸಮಾನತೆ ಹುಟ್ಟಿದ್ದು ಹೀಗೆ, ಅದನ್ನು ಸಂಘದೊಳಗಿನವರೇ ಕಟುವಾಗಿ ಟೀಕಿಸಿದರು. 1936ರ ಅಕ್ಟೋಬರ್ 24ರ ಕೆಟಲೋನಿಯಾ (ಬಾರ್ಸಿಲೋನಾ ಇರುವ ಪ್ರಾಂತ್ಯ) ಸರ್ಕಾರದ ಶಾಸನ 100ಕ್ಕೂ ಹೆಚ್ಚು ನೌಕರರಿದ್ದ ಉದ್ದಿಮೆಗಳ ಸಾಮೂಹೀಕರಣವನ್ನು, ಅಂದರೆ ಕಾರ್ಮಿಕರ ಕೈಗೆ ಒಪ್ಪಿಸುವುದನ್ನು, ಕಡ್ಡಾಯ ಮಾಡಿತು, 5ರಿಂದ 15 ಜನರ ಚುನಾಯಿತ ಮಂಡಳಿಗೆ ಕಾನೂನಿನ ಮಾನ್ಯತೆಯನ್ನೂ ಕೊಟ್ಟಿತು. ಅದೇ ಶಾಸನದ ಮೂಲಕ ಸರ್ಕಾರದ ಒಬ್ಬ ಮೇಲ್ವಿಚಾರಕ ಆ ಮಂಡಳಿಯೊಳಗೆ ಬಂದು ಕುಳಿತ. 1937ರ ಮೇ ತಿಂಗಳಲ್ಲಿ ಸಂಘದ ಹಿಡಿತದಲ್ಲಿದ್ದ ದೂರವಾಣಿ ಕೇಂದ್ರದ ಮೇಲೆ ಪೊಲೀಸರು ನುಗ್ಗಿದ ನಂತರ ಸಂಘದ ಬಲ ಕುಗ್ಗುತ್ತಲೇ ಹೋಯಿತು.

ಈ ಮಾದರಿಯನ್ನು ಎತ್ತಿಕೊಳ್ಳಬಯಸುವವರು ವಿಭಾಗ ಸಭೆ ಮತ್ತು ಜೋಡಿ ಹೊಣೆಗಾರಿಕೆಯನ್ನು ಹಾಗೆಯೇ ತೆಗೆದುಕೊಳ್ಳಲಿ. ಮೊದಲ ವಾರದಲ್ಲೇ ಎಲ್ಲ ಕಲೆಕ್ಟಿವ್‌ಗಳ ಹೆಚ್ಚುವರಿ ಸೇರುವ ಒಂದು ಸಾಮಾನ್ಯ ಸಾಲನಿಧಿಯನ್ನೂ ಕಟ್ಟಿಕೊಳ್ಳಲಿ.